ಬಲಗಡೆಯವನು ತಟ್ಟಿದ ಚಪ್ಪಾಳೆ

ಭಾನುವಾರ, ಮಾರ್ಚ್ ೧೪

ಪ್ರೀತಿಯ ಏಣಿ,

ಹೇಗಿದ್ದೀಯ? ಇಷ್ಟು ವಯಸ್ಸಾದರೂ ನಿನ್ನ ಎತ್ತರ ನೋಡಿ ಪಲ್ಟನ್ನಿನವರು ಇಟ್ಟ ಆ ಹೆಸರೇ ನನ್ನ ಬಾಯಿಗೆ ಬರುತ್ತದೆ. ಅತ್ತಿಗೆಯ ಮಂಡಿ ನೋವು ಕಡಿಮೆಯಾಯಿತೇ? ನಿನ್ನ ಪತ್ರ ಬಂದು ತಿಂಗಳ ಮೇಲಾಯಿತು. ಉತ್ತರ ಬರೆಯದ ನನ್ನನ್ನು ನೀನು ಸಾಕಷ್ಟು ಬೈದಿರುತ್ತೀಯ. ಬೈದುಕೋ, ನನಗೆ ಹೇಗೂ ಕೇಳಿಸುವುದಿಲ್ಲ. ಮೊಬೈಲಿನಲ್ಲಿ ನಾಲ್ಕು ಸಾಲು ಹಾಕಬಾರದಿತ್ತೇ ಎಂದೂ ಕೇಳಬೇಡ. ನನ್ನ ಈಗಿನ ಸಿಟ್ಟು ಆ ಅಂಗೈಯಗಲದ ಗಾಜಿನೊಳಗೆ ಹಿಡಿಸುವಂಥದ್ದಲ್ಲ.

ನಾವಿಬ್ಬರೂ ಆರೋಗ್ಯವಾಗಿದ್ದೇವೆ. ನನ್ನಾಕೆ ಹಿತ್ತಿಲಲ್ಲಿ ಟೊಮೆಟೊ ಹಾಕಿದ್ದಾಳೆ. ಗಿಡಗಳಿಗೆ ಕೋಲು ನೆಡುವುದು ನನ್ನ ಕೆಲಸ. ಕೋಲುಗಳ ಸಾಲು ಒಂದಿಷ್ಟು ಸೊಟ್ಟಗಾದರೂ ನನಗೆ ಊಟ ಸೇರುವುದಿಲ್ಲ, ನಿನಗೆ ಗೊತ್ತಲ್ಲ. ಪಕ್ಕದ ಮನೆಯ ದರ್ಜಿ ಗೋಡೆಯಾಚೆಯಿಂದ ಇಣುಕಿ, "ಏನ್ ಸಾರ್, ಗಿಡಗಳಿಗೂ ಸೆಲ್ಯೂಟ್ ಹೊಡೆಯೋದು ಕಲಿಸಿಬಿಟ್ರಾ?" ಎಂದು ಕಿಚಾಯಿಸುತ್ತಾನೆ. ಅವನ ತುಟಿ ದಪ್ಪ, ಮಾತು ನಿಧಾನ. ಈ ಬೀದಿಯಲ್ಲಿ ಓದಲು ಅತ್ಯಂತ ಸುಲಭವಾದ ಬಾಯಿ ಅವನದೇ.

ವಿಷಯಕ್ಕೆ ಬರುತ್ತೇನೆ. ನನ್ನ ಕಿವಿಯ ಪಿಂಚಣಿ ನಿಲ್ಲಿಸಿದ್ದಾರೆ. ಕಾರಣ ಏನು ಗೊತ್ತೇ? ನನಗೆ ಕಿವಿ ಕೇಳಿಸುತ್ತದೆಯಂತೆ.

ನಗಬೇಡ. ಮೊದಲ ದಿನ ನಾನೂ ನಕ್ಕೆ. ಗಡಿಯಲ್ಲಿ ಶತ್ರುವಿನ ಗುಂಡು ಬಂದು ಸಿಡಿದಾಗ ಆ ಫಿರಂಗಿಯ ಪಕ್ಕದಲ್ಲಿ ನೀನೂ ಇದ್ದೆ. ನನ್ನ ಕಿವಿಯಿಂದ ಇಳಿದ ರಕ್ತವನ್ನು ನಿನ್ನ ತಲೆಯ ಬಟ್ಟೆಯಿಂದ ಒರೆಸಿದವನು ನೀನು. ಆಮೇಲೆ ಡಾಕ್ಟರ ಹತ್ತಿರ ಹೋದರೆ ಮನೆಗೆ ಕಳಿಸಿಬಿಡುತ್ತಾರೆಂದು ನಾನು ಹೆದರಿದಾಗ, "ಹೆದರಬೇಡ್ವೋ, ನಿನ್ನ ಕಿವಿ ನಾನು" ಎಂದು ಕವಾಯತಿನಲ್ಲಿ ನನ್ನ ಬಲಗಡೆ ನಿಂತೆಯಲ್ಲ, ಅದು ನಿನಗೆ ನೆನಪಿದೆಯೋ ಇಲ್ಲವೋ, ನನ್ನ ಮೊಣಕೈಗೆ ಇವತ್ತಿಗೂ ನೆನಪಿದೆ. ನೀನು ಮೊಣಕೈ ತಗುಲಿಸಿದರೆ ನಾನು ಹೊರಡಬೇಕು, ಒತ್ತಿದರೆ ನಿಲ್ಲಬೇಕು. "ಬಲಗಡೆಯವನನ್ನ ನೋಡ್ರೋ, ಅವನ ಎದೆಗೆ ನಿಮ್ಮ ಎದೆ ಸರಿಯಾಗ್ಲಿ" ಎಂದು ಕವಾಯತಿನ ಮೇಷ್ಟ್ರು ಎಲ್ಲರಿಗೂ ಕೂಗುತ್ತಿದ್ದರು. ಉಳಿದವರಿಗೆ ಅದು ಸಾಲು ನೇರವಾಗುವ ಉಪಾಯ. ನನಗೆ ಅದೇ ಕಿವಿಯಾಯಿತು. ಕೊನೆಗೆ ಡಾಕ್ಟರೇ ಹಿಡಿದು, ಕಾಗದ ಕೊಟ್ಟು ಮನೆಗೆ ಕಳಿಸಿದರು. ಅಭ್ಯಾಸ ಮಾತ್ರ ನನ್ನ ಜೊತೆಗೇ ಮನೆಗೆ ಬಂತು. ಸಭೆಯಿರಲಿ, ಮದುವೆಯಿರಲಿ, ಸಾವಿನ ಮನೆಯಿರಲಿ, ಬಲಗಡೆಯವನು ಎದ್ದರೆ ಏಳುತ್ತೇನೆ, ಅವನು ನಕ್ಕರೆ ನಗುತ್ತೇನೆ. ನನಗೆ ಕೇಳಿಸುವುದಿಲ್ಲವೆಂದು ಎಷ್ಟೋ ಜನಕ್ಕೆ ಇನ್ನೂ ತಿಳಿದಿಲ್ಲ. ಅದರ ಬಗ್ಗೆ ನನಗೆ ಒಳಗೊಳಗೇ ಜಂಬವೂ ಇತ್ತು. ಆ ಜಂಬಕ್ಕೆ ಈಗ ಸರಿಯಾದ ಶಾಸ್ತಿಯಾಗಿದೆ.

ನಡೆದದ್ದು ಇಷ್ಟು. ಚುನಾವಣೆ ಹತ್ತಿರ ಬಂದಿದೆ. ನನ್ನ ಮಗ ಪಕ್ಷದ ಕೆಲಸಕ್ಕೆ ಬಿದ್ದಿದ್ದಾನೆಂದು ನಿನಗೆ ಬರೆದಿದ್ದೆ. ಮೈಕು, ಕುರ್ಚಿ, ಜನ, ಎಲ್ಲವನ್ನೂ ಹೊಂದಿಸುವವನು ಅವನೇ. ಈ ಸಲ ನಗರಸಭೆಗೆ ನಿಲ್ಲಲು ಟಿಕೆಟು ಸಿಕ್ಕೀತೆಂಬ ಆಸೆ ಅವನಿಗಿದೆ. ಒಂದು ಬೆಳಿಗ್ಗೆ ನಾನು ಕ್ಷೌರ ಮಾಡಿಕೊಳ್ಳುವಾಗ ಬಂದು ಕನ್ನಡಿಯ ಪಕ್ಕದಲ್ಲಿ ನಿಂತ.

"ಅಪ್ಪಾ, ಮಂತ್ರಿಗಳು ಬರ್ತಿದಾರೆ. ಮಾಜಿ ಸೈನಿಕರಿಗೆ ಸನ್ಮಾನ. ನೀವೂ ಬರಬೇಕು."

"ನನಗೆ ಒಂದಕ್ಷರ ಕೇಳ್ಸಲ್ಲ, ನಾನು ಬಂದು ಏನು ಮಾಡ್ಲಿ?"

"ಕೇಳೋದೇನೂ ಬೇಡ. ಕೋಟು ಹಾಕ್ಕೊಂಡು ಕೂತ್ಕೊಂಡ್ರೆ ಸಾಕು."

ಸೈನಿಕನಿಗೆ ಅವರು ಕೊಡುವ ಸ್ಥಾನ ಇಷ್ಟೇ ಎಂದು ನನಗೆ ಆಗಲೇ ಅರ್ಥವಾಗಬೇಕಿತ್ತು. ಆದರೆ ಮಗ ಕರೆದಿದ್ದ. ಅವನು ನನ್ನನ್ನು ಎಲ್ಲಿಗಾದರೂ ಕರೆದು ಎಷ್ಟೋ ವರ್ಷಗಳಾಗಿದ್ದವು. ದರ್ಜಿ ಕೋಟಿನ ಹೊಲಿಗೆ ಬಿಚ್ಚಿ ಹೊಟ್ಟೆಗೆ ಜಾಗ ಮಾಡಿಕೊಟ್ಟ. ನನ್ನಾಕೆ ಪದಕಗಳನ್ನು ಹಲ್ಲುಪುಡಿ ಹಾಕಿ ತಿಕ್ಕಿದಳು.

ವೇದಿಕೆಯ ಮೇಲೆ ನಮ್ಮಂಥವರು ನಾಲ್ಕು ಜನ. ಧ್ವನಿವರ್ಧಕದ ಎದುರು, ಮಾತು ಬಿಟ್ಟು ಬರೀ ಗದ್ದಲ ತರುವ ನನ್ನ ಕಿವಿಯ ಯಂತ್ರ ಸಿಳ್ಳೆ ಹೊಡೆಯಲು ಶುರುಮಾಡಿತು, ತೆಗೆದು ಜೇಬಿಗೆ ಹಾಕಿಕೊಂಡೆ. ಮಂತ್ರಿ ಮೈಕನ್ನು ಬಾಯಿಗೇ ಕಚ್ಚಿಕೊಂಡಂತೆ ಹಿಡಿದಿದ್ದ, ಬೆನ್ನು ನಮ್ಮ ಕಡೆಗೆ. ತುಟಿ ಓದುವ ಮಾತೇ ಇರಲಿಲ್ಲ. ನನ್ನ ಬಲಗಡೆ ಪಕ್ಷದವನೊಬ್ಬ ಕೂತಿದ್ದ. ನಾನು ಎಂದಿನಂತೆ ಅವನನ್ನು ನೋಡಿಕೊಂಡು ಕೂತೆ. ಅವನು ತಲೆಯಾಡಿಸಿದಾಗ ತಲೆಯಾಡಿಸಿದೆ. ಒಮ್ಮೆ ಮಂತ್ರಿ ನಮ್ಮ ಕಡೆ ತಿರುಗಿ ಕೈ ಚಾಚಿದ. ಬಲಗಡೆಯವನು ಜೋರಾಗಿ ಚಪ್ಪಾಳೆ ತಟ್ಟಿದ, ನಾನೂ ತಟ್ಟಿದೆ. ಅವನು ಎದ್ದು ನಿಂತ, ನಾನೂ ಎದ್ದು ನಿಂತೆ. ಕ್ಯಾಮೆರಾಗಳು ನಮ್ಮ ಕಡೆ ಓಡಿ ಬಂದವು. ಕೆಳಗೆ ಮೂರನೆಯ ಸಾಲಿನಲ್ಲಿ ನನ್ನಾಕೆಯೂ ಎದ್ದು ನಿಂತು ಎರಡೂ ಕೈ ಬೀಸುತ್ತಿದ್ದಳು. ಗಂಡನನ್ನು ಕಂಡು ಇಷ್ಟು ಹೆಮ್ಮೆಯೇ ಎಂದು ನನಗೆ ನಾಚಿಕೆಯಾಯಿತು. ಇನ್ನೂ ಜೋರಾಗಿ ತಟ್ಟಿ, ಅವಳಿಗೊಂದು ಸೆಲ್ಯೂಟ್ ಬೇರೆ ಹೊಡೆದೆ ಕಣೋ.

ಮನೆಗೆ ಬಂದ ಮೇಲೆ ಅವಳು ಅಡುಗೆಮನೆಯ ಬಾಗಿಲಿಗೆ ಅಡ್ಡ ನಿಂತಳು. ನನ್ನ ಜೊತೆ ಯಾವಾಗಲೂ ಬಿಡಿಸಿ ಬಿಡಿಸಿ ಮಾತಾಡುವವಳ ತುಟಿ ಅವತ್ತು ಪಟಪಟ ಅಲುಗುತ್ತಿತ್ತು. ನಿಧಾನ, ನಿಧಾನ ಅಂದೆ.

"ನಿಧಾನ ಏನು ಬಂತು? ಏನು ಅಂತ ಚಪ್ಪಾಳೆ ತಟ್ಟಿದ್ರಿ? ಬೇಡ ಬೇಡ ಅಂತ ನಾನು ಅಷ್ಟೊಂದು ಕೈ ಬೀಸಿದ್ನಲ್ಲ, ಕಣ್ಣೂ ಹೋಯ್ತಾ ನಿಮಗೆ?"

ಮಂತ್ರಿ ಹೇಳಿದ್ದನ್ನು ಆಮೇಲೆ ಅವಳು ಒಂದೊಂದಾಗಿ ಹೇಳಿದಳು. ಮೈಕೈ ಗಟ್ಟಿಯಿದ್ದೂ ತಾವು ಕುಂಟರು, ಕಿವುಡರು ಅಂತ ಸುಳ್ಳು ಕಾಗದ ತೋರಿಸಿ ದೇಶದ ಅನ್ನ ತಿನ್ನುವ ಮಾಜಿ ಸೈನಿಕರಿದ್ದಾರೆ, ಅಂಥವರನ್ನು ಹುಡುಕಿ ಹುಡುಕಿ ಪಿಂಚಣಿ ಕಿತ್ತುಕೊಳ್ಳುತ್ತೇವೆ ಎಂದನಂತೆ. ಕೊನೆಗೆ ನಮ್ಮ ಕಡೆ ತಿರುಗಿ, "ಇದಕ್ಕೆ ಈ ನಿಜವಾದ ಯೋಧರ ಒಪ್ಪಿಗೆ ಇದೆಯೋ ಇಲ್ವೋ?" ಎಂದು ಕೇಳಿದನಂತೆ.

ಅದಕ್ಕೆ ನಾನು ತಟ್ಟಿದ್ದು. ಎದ್ದು ನಿಂತು ತಟ್ಟಿದ್ದು.

ವಾರ ಕಳೆಯುವುದರೊಳಗೆ ನನ್ನ ಚಿತ್ರ ಗೋಡೆಗಳ ಮೇಲೆ ಬಂತು. ಬಾಯಿ ತುಂಬ ನಗು, ಎದೆ ತುಂಬ ಪದಕ, ಕೈ ಮಾತ್ರ ಮಸುಕು, ಅಷ್ಟು ಜೋರಾಗಿ ತಟ್ಟುತ್ತಿದ್ದೆ. ಕೆಳಗೆ "ಸುಳ್ಳು ಯೋಧರಿಗೆ ನಿಜ ಯೋಧನ ಉತ್ತರ" ಎಂಬ ಸಾಲು. ದರ್ಜಿಯ ಅಂಗಡಿಯ ಎದುರಿಗೇ ಒಂದು ಅಂಟಿಸಿದ್ದರು. ನಾನು ಅದರ ಮುಂದೆ ನಿಂತಿದ್ದಾಗ ದರ್ಜಿ ಕತ್ತರಿ ಹಿಡಿದುಕೊಂಡೇ ಹೊರಗೆ ಬಂದ.

"ಕೋಟು ಚೆನ್ನಾಗಿ ಕೂತಿದೆ ಸಾರ್," ಎಂದ. ಒಳಗೆ ಹೋಗುವ ಮುಂಚೆ ನನ್ನ ಕಡೆ ತಿರುಗಿ, "ಪಾಪ, ಕೋಟಿಗೇನು ಗೊತ್ತು" ಎಂದ.

ಇದಾದ ಮೇಲೆಯೇ ಪಿಂಚಣಿ ನಿಂತದ್ದು. ಮಾಜಿ ಸೈನಿಕರ ಕಚೇರಿಗೆ ಹೋದೆ. ಆ ಕಚೇರಿ ನಿನಗೆ ಗೊತ್ತು. ಒಂದು ಕಾಲು ಮುರಿದ ಬೆಂಚು, ನೀರಿಲ್ಲದ ನೀರಿನ ಯಂತ್ರ, ಕುಂಟುವವರಿಗೆಂದೇ ಮಾಡಿದ ವಿಭಾಗ ಮೂರನೆಯ ಮಹಡಿಯಲ್ಲಿ. ಗುಮಾಸ್ತೆ ಕೂರುವ ಕಿಟಕಿಯ ಗಾಜಿಗೆ ಈಗ ಹೊಸದೊಂದು ಚಿತ್ರ ಅಂಟಿಸಿದ್ದಾರೆ, ಬಾವುಟ ಹಿಡಿದ ಸೈನಿಕನದು, "ಯೋಧರೇ ನಮ್ಮ ಹೆಮ್ಮೆ" ಎಂದು. ಅದನ್ನು ಅಂಟಿಸಿದ್ದು ಸರಿಯಾಗಿ ಆಕೆಯ ಬಾಯಿ ಬರುವ ಜಾಗದಲ್ಲಿ! ಹೆಮ್ಮೆಯ ಯೋಧನಾದ ನಾನು ಸೊಂಟ ಬಗ್ಗಿಸಿ, ಆ ಚಿತ್ರದ ಕೆಳಗೆ ಕತ್ತು ತಿರುಚಿ, ಆಕೆಯ ತುಟಿ ಹುಡುಕಬೇಕಾಯಿತು.

ಆಕೆ ತನ್ನ ಮೊಬೈಲು ತಿರುಗಿಸಿ ತೋರಿಸಿದಳು. ನನ್ನದೇ ಚಪ್ಪಾಳೆ.

"ಕಿವಿ ಕೇಳಿಸದೇ ಇರೋರು ಇಷ್ಟು ಸರಿಯಾಗಿ ಹೇಗೆ ಸಾರ್ ತಟ್ಟಿದ್ರಿ? ಯಾರೋ ಇದನ್ನೇ ಹಾಕಿ ದೂರು ಕೊಟ್ಟಿದಾರೆ. ಮೇಲಿನೋರು ನೋಡಿ ನಿಲ್ಲಿಸಿದಾರೆ."

"ಬಲಗಡೆಯವನನ್ನ ನೋಡಿ ತಟ್ಟಿದೆನಮ್ಮ."

ಆಕೆ ನನ್ನ ಮುಖ ನೋಡಿದಳು. ಕೆಟ್ಟವಳೇನಲ್ಲ, ಮಾತನ್ನು ಎರಡು ಸಲ ತಿರುಗಿಸಿ ಹೇಳಿದಳು. "ಹಾಗಾದ್ರೆ ಆ ಬಲಗಡೆಯೋರನ್ನೇ ಕರ್ಕೊಂಡು ಬನ್ನಿ ಸಾರ್. ವೈದ್ಯರ ಮಂಡಳಿ ಮುಂದೆ ಅವರೇ ಹೇಳ್ಲಿ, ಇವರು ನನ್ನ ನೋಡ್ಕೊಂಡು ತಟ್ಟಿದ್ದು ಅಂತ. ಇಲ್ಲಾಂದ್ರೆ ನಿಮ್ಮ ಮಾತು ಯಾರು ನಂಬ್ತಾರೆ?"

ಯಾರು ನಂಬುತ್ತಾರೆ! ಏಣಿ, ನನ್ನ ಹೊಟ್ಟೆ ಉರಿದದ್ದು ಅಲ್ಲಿ. ಪಿಂಚಣಿ ಹೋದರೆ ಹೋಗಲಿ ಎನ್ನುವಷ್ಟು ದೊಡ್ಡ ಮನುಷ್ಯ ನಾನಲ್ಲ, ಅದು ಬೇಕು, ಅದು ನನ್ನದು. ಆದರೆ ನನ್ನ ಹೆಸರಿನ ಮುಂದೆ ಈಗ ಸುಳ್ಳುಗಾರ ಎಂದು ಬರೆದಿದ್ದಾರಲ್ಲ, ಅದನ್ನು ಹೊತ್ತುಕೊಂಡು ನಾನು ಸಾಯಲಾರೆ. ಇವರು ಯಾವ ಮುಖದಿಂದ ನಮ್ಮ ಹೆಸರು ಹೇಳಿ ಮತ ಕೇಳುತ್ತಾರೆ? ಟಿವಿಯಲ್ಲಿ ದಿನಾ ನೋಡುತ್ತೇನೆ. ಧ್ವನಿಯಿಲ್ಲದೆ ನೋಡುವವನಿಗೆ ಬಾಯಿಗಳು ಮಾತ್ರ ಕಾಣುತ್ತವೆ. ಎಷ್ಟು ಅಗಲ ತೆರೆಯುತ್ತಾರೆ! ತಣ್ಣನೆಯ ಕೋಣೆಯಲ್ಲಿ ಕೂತು ಮೇಜು ಗುದ್ದಿ ಯುದ್ಧ ಮಾಡೋಣ ಎನ್ನುತ್ತಾರೆ. ಅವರ ಪೈಕಿ ಒಬ್ಬನಾದರೂ ಫಿರಂಗಿಯ ಬಾಯಿಯ ಹತ್ತಿರ ನಿಂತಿದ್ದಾನೆಯೇ? ಆ ಪಕ್ಷ ಈ ಪಕ್ಷ ಎನ್ನುವುದು ಬೇಡ. ಎದುರು ಪಕ್ಷದವನೂ ಮೊನ್ನೆ ಮನೆಗೆ ಬಂದಿದ್ದ, "ನಿಮಗಾದ ಅನ್ಯಾಯದ ಬಗ್ಗೆ ನಮ್ಮ ವೇದಿಕೆ ಮೇಲೆ ಕೂರಬೇಕು ಸಾರ್, ಕೋಟು ಹಾಕ್ಕೊಂಡು ಬನ್ನಿ" ಎಂದ. ನನ್ನಾಕೆ ಅವನಿಗೆ ಕುಡಿಯಲು ನೀರು ಕೊಟ್ಟು, ಚಪ್ಪಲಿ ಎಲ್ಲಿದೆಯೆಂದು ತೋರಿಸಿದಳು. ಸತ್ತ ಸೈನಿಕ ಎಲ್ಲರಿಗೂ ಬೇಕು, ಬದುಕಿ ಬಂದು ಮೂರನೆಯ ಮಹಡಿ ಹತ್ತುವವನು ಯಾರಿಗೂ ಬೇಡ. ಗಡಿಯಲ್ಲಿ ಶತ್ರು ನನ್ನ ಕಿವಿ ತೆಗೆದ, ಅದು ಅವನ ಕೆಲಸ. ಇವರು ಆ ಕಿವಿಯನ್ನು ಕಾಗದದ ಮೇಲೆ ವಾಪಸು ಅಂಟಿಸಿ, ನೋಡು ಕೇಳಿಸುತ್ತಿದೆ ಎನ್ನುತ್ತಾರೆ!

ಬರೆಯುತ್ತಾ ಬರೆಯುತ್ತಾ ಪೆನ್ನಿನ ಮೊನೆಗೆ ಕಾಗದ ಹರಿಯಿತು, ನೋಡಿರುತ್ತೀಯ. ಸ್ವಲ್ಪ ಹಿತ್ತಿಲಿಗೆ ಹೋಗಿ ಬಂದೆ. ಮೊದಲ ಹಣ್ಣು ಕೆಂಪಾಗುತ್ತಿದೆ.

ಮಂಡಳಿ ಮುಂದಿನ ತಿಂಗಳ ಮೊದಲ ಗುರುವಾರ ಕೂರುತ್ತದೆ, ಬೆಳಿಗ್ಗೆಯೇ. ಬಲಗಡೆ ಕೂತಿದ್ದವನು ಬರುವುದಿಲ್ಲ. ನೀನು ಬರಬೇಕು. ಆ ಫಿರಂಗಿಯ ವಿಷಯ, ಆ ಮೊಣಕೈಯ ವಿಷಯ ಹೇಳಬಲ್ಲವನು ಈಗ ನೀನೊಬ್ಬನೇ ಉಳಿದಿದ್ದೀಯ. ಪ್ರಯಾಣ ಕಷ್ಟವೆಂದು ನನಗೆ ಗೊತ್ತು, ಅತ್ತಿಗೆಯ ಮಂಡಿಯೂ ಗೊತ್ತು. ಆದರೂ ಕೇಳುತ್ತಿದ್ದೇನೆ. ಬಾರೋ.

ಅತ್ತಿಗೆಗೆ ನಮ್ಮಿಬ್ಬರ ನಮಸ್ಕಾರ. ನಿನ್ನ ಮಕ್ಕಳು, ಮೊಮ್ಮಕ್ಕಳು ತಲೆಯೆತ್ತಿ ಬಾಳಲಿ. ಅವರಿಗೆ ಯಾರ ಮುಂದೆಯೂ ಅರ್ಥವಾಗದ ಮಾತಿಗೆ ಕೈತಟ್ಟುವ ಗತಿ ಬಾರದಿರಲಿ.

ಇಂತು,
ನಿನ್ನ ಎಡಗಡೆಯವನು

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬರಲಿಲ್ಲ. ಕಾಗದ ಮಡಿಚಿ ಲಕೋಟೆಗೆ ಹಾಕುವಾಗ ನನ್ನಾಕೆ, "ಅವರಿಗೂ ಮುಚ್ಚಿಡ್ತೀರಾ?" ಎಂದಳು.

ಅವತ್ತು ನನ್ನ ಬಲಗಡೆ ಕೂತಿದ್ದವನು ನನ್ನ ಮಗ.

ಆ ಕುರ್ಚಿ ಬೇರೆ ಯಾರದೋ ಆಗಿತ್ತು, ಅವನೇ ಎಬ್ಬಿಸಿ ಕೂತ. "ನನ್ನ ನೋಡ್ಕೊಂಡಿರಿ ಅಪ್ಪಾ, ಸಾಕು" ಎಂದ. ಚಿಕ್ಕವನಿದ್ದಾಗ ಎಲ್ಲಿ ಹೋದರೂ ನನ್ನ ಬಲಗಡೆಯೇ ಕೂರುತ್ತಿದ್ದ. ಜನ ನಗುವಾಗ, ಏಳುವಾಗ ಪುಟ್ಟ ಮೊಣಕೈ ತಗುಲಿಸುತ್ತಿದ್ದ. ನಿನ್ನ ಆ ಸನ್ನೆಯನ್ನು ಅವನಿಗೆ ಕಲಿಸಿದವನು ನಾನೇ. ಮಂತ್ರಿ ನಮ್ಮ ಕಡೆ ತಿರುಗಿದಾಗ, ಏಣಿ, ಅವನು ಮೊಣಕೈ ತಗುಲಿಸಿದ. ಎಷ್ಟೋ ವರ್ಷಗಳ ಮೇಲೆ ತಗುಲಿಸಿದ್ದ. ನನಗಾದ ಸಂತೋಷಕ್ಕೇ ಅಷ್ಟು ಜೋರಾಗಿ ತಟ್ಟಿದ್ದು.

ಮಂಡಳಿಗೆ ಬಾ ಎಂದು ಕರೆದೆ. "ಈಗ ಆಗಲ್ಲ ಅಪ್ಪಾ, ಟಿಕೆಟ್ ಹಂಚೋ ಸಮಯ" ಎಂದ. ಹಾಗೆನ್ನುವಾಗ ಮುಖವನ್ನು ಗೋಡೆಯ ಕಡೆ ತಿರುಗಿಸಿದ. ನನಗೆ ತಿಳಿಯಬಾರದ ಮಾತನ್ನು ಹೇಗೆ ಆಡಬೇಕೆಂದು ಈ ಮನೆಯಲ್ಲಿ ಹುಟ್ಟಿದವನಿಗೆ ಗೊತ್ತಿರುವುದಿಲ್ಲವೇ? ಆದರೆ ಗೋಡೆಯಲ್ಲಿ ಕ್ಷೌರದ ಕನ್ನಡಿ ಇತ್ತು.

ಬರುವುದಾದರೆ ಗುರುವಾರಕ್ಕೆ ಒಂದು ದಿನ ಮುಂಚೆಯೇ ಬಾ. ಬಲಗಡೆ ಜಾಗ ಖಾಲಿ ಇದೆ.