ಕಮಾನಿನ ಬುಡದ ಮುಖ

ಮನೆಯಿಂದ,
ಮಂಗಳವಾರ, ಹನ್ನೊಂದನೇ ತಾರೀಖು, ಮಧ್ಯಾಹ್ನ

ನಮ್ಮ ಪಿಟೀಲಿನ ಅಪ್ಪನಿಗೆ,

ಹೇಗಿದ್ದೀರಿ? ಕೆಮ್ಮು ಹೇಗಿದೆ? ಕಲ್ಲಿನ ದೂಳು ಕುಡಿಯಬೇಡಿ, ಮೂಗಿಗೆ ಬಟ್ಟೆ ಕಟ್ಟಿಕೊಳ್ಳಿ ಎಂದು ಹೇಳಿ ಹೇಳಿ ನನ್ನ ಬಾಯಿ ಸವೆದಿದೆ. ಕಟ್ಟಿಕೊಳ್ಳುವವರಲ್ಲ ಎಂದು ಗೊತ್ತಿದ್ದರೂ ಮತ್ತೆ ಹೇಳುತ್ತಿದ್ದೇನೆ. ಹೋದ ತಿಂಗಳ ನಿಮ್ಮ ಕಾಗದ ಬಂತು. ಅದನ್ನು ಕಾಗದ ಎನ್ನಬೇಕೋ ತಂತಿ ಎನ್ನಬೇಕೋ ತಿಳಿಯದು. "ಕ್ಷೇಮ. ಕೆಲಸ ನಡೆಯುತ್ತಿದೆ." ಇಷ್ಟಕ್ಕೆ ಒಂದು ಇಡೀ ಹಾಳೆ ದಂಡ. ಹದಿನಾಲ್ಕು ತಿಂಗಳಲ್ಲಿ ಇಂಥವು ಒಂಬತ್ತು ಬಂದಿವೆ. ನಾನು ಒಂದಕ್ಕೂ ಉತ್ತರ ಬರೆಯಲಿಲ್ಲ, ಅದು ನನ್ನ ಹಟ. ಇಲ್ಲಿ ನಾನು ಆರೋಗ್ಯ. ಹೊಲಿಗೆ ಅಂಗಡಿಯಲ್ಲಿ ಈಗ ಕಿಟಕಿ ಪಕ್ಕದ ಮಷೀನು ಸಿಕ್ಕಿದೆ, ಕಣ್ಣಿಗೆ ಸ್ವಲ್ಪ ಆರಾಮ. ಬಚ್ಚಲಿನ ನಲ್ಲಿ ಮತ್ತೆ ಸೋರುತ್ತಿದೆ. ನೀವು ಗಡ್ಡ ಹೆರೆಯುತ್ತಿದ್ದ ಕನ್ನಡಿ ಅದೇ ಮೊಳೆಯಲ್ಲಿದೆ. ಅದರ ಕೆಳಗೆ ನಮ್ಮ ಮಗಳು ಹತ್ತಿ ನಿಲ್ಲುತ್ತಿದ್ದ ಸ್ಟೂಲೂ ಇದೆ. ಎರಡನ್ನೂ ನಾನು ಕದಲಿಸಿಲ್ಲ.

ಭಾನುವಾರ ನಿಮ್ಮ ಹಳೆಯ ಮೇಸ್ತ್ರಿ ಬಂದಿದ್ದರು. ಕೂರಿ ಎಂದರೂ ಕೂರದೆ ಬಾಗಿಲಲ್ಲೇ ನಿಂತು, ಕೆಥೆಡ್ರಲಿನ ದುರಸ್ತಿ ಮುಗಿಯಿತೆಂದೂ ಇಪ್ಪತ್ತನೇ ತಾರೀಖು ಸಾರುವೆ ಬಿಚ್ಚುತ್ತಾರೆಂದೂ ಹೇಳಿದರು. ಆಮೇಲೆ ಇನ್ನು ನೂರು ವರ್ಷ ಆ ಎತ್ತರಕ್ಕೆ ಯಾರೂ ಹತ್ತುವುದಿಲ್ಲವಂತೆ, ಅಷ್ಟರೊಳಗೆ ನಾನೊಮ್ಮೆ ಬಂದು ನೋಡಬೇಕಂತೆ. ಆ ಕಟ್ಟಡದ ಸಹವಾಸವೇ ನನಗೆ ಬೇಡ ಎಂದುಬಿಟ್ಟೆ. ನಿಮಗೆ ಗೊತ್ತಿರುವುದೇ, ನನಗೆ ಅದು ಸವತಿಯ ಹಾಗೆ. ಒಂಬತ್ತು ವರ್ಷ ಅದರ ಕಲ್ಲು ತೊಳೆದಿರಿ, ಮುಕ್ಕಾದ ಎಲೆ, ಮೂಗು, ರೆಕ್ಕೆ ಹೊಸದಾಗಿ ಕೆತ್ತಿದಿರಿ. ನನ್ನನ್ನು ಒಂದು ದಿನ ಕರೆದುಕೊಂಡು ಹೋಗಲಿಲ್ಲ. ಕೇಳಿದಾಗಲೆಲ್ಲ ಒಂದೇ ಮಾತು: "ಸಾರುವೆ ಬಿಚ್ಲಿ, ಆಮೇಲೆ ನೋಡೋವಂತೆ." ಅದನ್ನಾದರೂ ನಗುತ್ತಾ ಸಹಿಸಿದ್ದೆ. ಆದರೆ ಆ ಮಗುವನ್ನು, ನಮ್ಮ ಪಿಟೀಲನ್ನು ಮಣ್ಣು ಮಾಡಿ ಬಂದ ಮೂರನೆಯ ಬೆಳಿಗ್ಗೆಯೇ ನೀವು ಉಳಿಯ ಚೀಲ ಹೆಗಲಿಗೆ ಹಾಕಿಕೊಂಡು ಅಲ್ಲಿಗೆ ಹೊರಟಿರಲ್ಲ, ಅದನ್ನು ಸಹಿಸಲಾಗಲಿಲ್ಲ. ಹೊಸ್ತಿಲಲ್ಲಿ ನಿಂತು ನಾನು ಆಡಿದ ಮಾತು ಇಬ್ಬರಿಗೂ ನೆನಪಿದೆ, ಮುಚ್ಚಿಟ್ಟು ಏನು ಪ್ರಯೋಜನ: "ಕಲ್ಲು ಕೆತ್ತಿ ಕೆತ್ತಿ ನಿಮ್ಮ ಎದೆನೂ ಕಲ್ಲಾಗಿದೆ." ನೀವು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಿಸಿಕೊಂಡು ನಡೆದುಬಿಟ್ಟಿರಿ. ನಾಲ್ಕು ತಿಂಗಳಾದ ಮೇಲೆ ದೂರದ ಊರಿನ ಕೆಲಸ ಹಿಡಿದು ಹೊರಟೇಹೋದಿರಿ.

ಬೇಡ ಎಂದವಳು ನಿನ್ನೆ ಅರ್ಧ ದಿನ ರಜೆ ಹಾಕಿ ಹೋದೆ. ಯಾಕೆ ಎಂದು ಕೇಳಬೇಡಿ. ಬಾಗಿಲು ದಾಟಿದವಳು ಬಾಯಿ ಬಿಟ್ಟುಕೊಂಡು ನಿಂತುಬಿಟ್ಟೆ. ಹಿಂದಿನಿಂದ ಬಂದವರು ಎರಡು ಸಲ ಪಕ್ಕಕ್ಕೆ ಸರಿಸಿದರು. ನೀವು ಊಟದ ಮೇಜಿನ ಮೇಲೆ ಎರಡು ಚಮಚವನ್ನು ಒಂದಕ್ಕೊಂದು ಆನಿಸಿ ನಿಲ್ಲಿಸಿ, ಮೊನಚು ಕಮಾನು ಭಾರವನ್ನು ಹೇಗೆ ಕೆಳಕ್ಕೆ ಇಳಿಸುತ್ತದೆ ಎಂದು ಪಾಠ ಮಾಡುತ್ತಿದ್ದಿರಲ್ಲ, ಪಿಟೀಲು ಊದಿ ಬೀಳಿಸುತ್ತಿದ್ದಳಲ್ಲ, ಆ ಚಮಚಗಳೇ ಇಲ್ಲಿ ಆಕಾಶಕ್ಕೆ ಎದ್ದು ನಿಂತಿದ್ದವು. ಕಂಬದಿಂದ ಕವಲೊಡೆದ ಕಲ್ಲಿನ ಪಟ್ಟಿಗಳು ಚಾವಣಿಯಲ್ಲಿ ಹೋಗಿ ಕೂಡುವುದನ್ನು ಹೊಲಿಗೆಯವಳ ಕಣ್ಣಿಂದಲೇ ನೋಡಿದೆ. ಒಂದು ಹೊಲಿಗೆಯೂ ಸೊಟ್ಟಗಿಲ್ಲ. ಬಣ್ಣದ ಗಾಜಿನಿಂದ ಕೆಂಪು, ನೀಲಿ ಬೆಳಕು ನೆಲಕ್ಕೆ ಬಿದ್ದು ನನ್ನ ಹಳೇ ಚಪ್ಪಲಿಯನ್ನೂ ಚಂದ ಮಾಡಿತ್ತು. ಅಷ್ಟೆತ್ತರದ ಗೋಡೆಯ ತುಂಬ ಕಿಟಕಿಗಳೇ ಇದ್ದರೆ ಭಾರ ಹೊರುವವರು ಯಾರು ಎಂದು ಮೇಸ್ತ್ರಿಯನ್ನು ಕೇಳಿದೆ. ಹೊರಗೆ ಕರೆದೊಯ್ದು ತೋರಿಸಿದರು. ಗೋಡೆ ಆಚೆಗೆ ಒರಗದಂತೆ ಸಾಲಾಗಿ ಅರ್ಧ ಕಮಾನುಗಳು ಗಾಳಿ ಮಳೆಯಲ್ಲಿ ಭುಜ ಕೊಟ್ಟು ನಿಂತಿವೆ. ಒಳಗೆ ಕೂತವರಿಗೆ ಅವು ಕಾಣುವುದೇ ಇಲ್ಲ. ನನಗೆ ಯಾಕೋ ನಿಮ್ಮ ನೆನಪಾಗಿ, ಅಲ್ಲೇ ಮೆಟ್ಟಿಲ ಮೇಲೆ ಸ್ವಲ್ಪ ಹೊತ್ತು ಕೂತೆ.

ಆಮೇಲೆ ಮೇಸ್ತ್ರಿ ನನ್ನ ತಲೆಗೊಂದು ಟೊಪ್ಪಿಗೆ ಇಟ್ಟು ಸಾರುವೆ ಹತ್ತಿಸಿದರು. ಕುರ್ಚಿ ಹತ್ತಿದರೆ ತಲೆ ತಿರುಗುವ ನಾನು ಏಳು ಏಣಿ ಹತ್ತಿದೆ, ಕೆಳಗೆ ಮಾತ್ರ ನೋಡಲಿಲ್ಲ. ಉತ್ತರದ ಸಾಲಿನಲ್ಲಿ ಕಮಾನು ಹುಟ್ಟುವ ಕಡೆಯಲ್ಲೆಲ್ಲ ಒಂದೊಂದು ಕಲ್ಲಿನ ತಲೆ ಇದೆ. ಹಳೆಯ ಮುಖ ಗುರುತೇ ಸಿಗದಷ್ಟು ಸವೆದಿದ್ದರೆ, ಹೊಸ ಮುಖ ಯಾರದ್ದಿರಬೇಕು ಎನ್ನುವುದು ಕೆತ್ತುವವನ ಇಷ್ಟವಂತೆ, ಯಾರೂ ಕೇಳುವುದಿಲ್ಲವಂತೆ. ಅಡುಗೆಯವನು, ಯಾರದೋ ಅತ್ತೆ, ಸಾಲದ್ದಕ್ಕೆ ಮೇಸ್ತ್ರಿಯ ಮುಖವೂ ಅಲ್ಲಿದೆ, ಕಿವಿ ಸಮೇತ. ಕೊನೆಯ ತಲೆಯ ಹತ್ತಿರ ಅವರು ದೀಪ ಎತ್ತಿ ಹಿಡಿದು, "ಇದನ್ನ ಅವನು ಮೂರನೇ ದಿನ ಬಂದು ಶುರು ಮಾಡಿದ್ದಮ್ಮಾ. ಮುಗಿಯೋವರೆಗೂ ಯಾರನ್ನೂ ಹತ್ತಿರ ಬಿಡಲಿಲ್ಲ," ಎಂದು ಆ ಕಡೆ ತಿರುಗಿ ನಿಂತರು. ಸಡಿಲ ಜಡೆ, ಗಲ್ಲದ ಮೇಲಿನ ಗಾಯದ ಗೆರೆ, ಹಲ್ಲು ಬಿದ್ದ ಬಾಯಿ ತೋರಿಸಿಕೊಂಡು ಅದೇ ನಗು. ಈಗಿಂದೀಗ ಕುಂಯ್ ಎಂದು ರಾಗ ಎಳೆದಾಳು ಅನ್ನಿಸಿತು. ಆ ರಾಗಕ್ಕೇ ಅಲ್ಲವೇ ನೀವು ಅವಳಿಗೆ ಪಿಟೀಲು ಎಂದು ಹೆಸರಿಟ್ಟದ್ದು. ನಾನು ಕೆನ್ನೆ ಮುಟ್ಟಿದೆ, ತಣ್ಣಗಿತ್ತು. ಆ ಎತ್ತರದಲ್ಲಿ ನಿಂತು ಬೋರೆಂದು ಅತ್ತೆ, ಕೆಳಗೆ ಯಾರು ಕೇಳಿಸಿಕೊಂಡರೋ ಏನೋ. ನಾಲ್ಕು ತಿಂಗಳು ನೀವು ದಿನವೂ ಅವಳ ಎದುರು ಕೂತು ಸಂಜೆ ಮನೆಗೆ ಬರುತ್ತಿದ್ದಿರಿ, ನಾನು ನಿಮ್ಮ ಮುಂದೆ ತಟ್ಟೆ ಕುಕ್ಕಿ ಒಳಗೆ ಹೋಗುತ್ತಿದ್ದೆ. ಒಂದು ಮಾತು ಹೇಳಬಾರದಿತ್ತೇ? ಹೇಳಲು ನಾನು ಬಿಟ್ಟಿದ್ದರೆ ತಾನೆ. ಹೊಸ್ತಿಲಲ್ಲಿ ಆಡಿದ ಆ ಮಾತು ಸುಳ್ಳು. ನನ್ನನ್ನು ಕ್ಷಮಿಸಿ.

ಆರೋಗ್ಯ ಜೋಪಾನ. ಅಲ್ಲಿ ನಿಮಗೆ ಊಟ ಹಾಕುವ ಮನೆಯವರಿಗೆ ನನ್ನ ನಮಸ್ಕಾರ ತಿಳಿಸಿ.

ಇಂತಿ,
ನಿಮ್ಮವಳು, ಪಿಟೀಲಿನ ಅಮ್ಮ

ಮರೆತಿದ್ದೆ: ಹಲ್ಲು ತಪ್ಪಾಗಿದೆ. ಅವಳಿಗೆ ಬಿದ್ದದ್ದು ಎಡಗಡೆಯ ಮುಂದಿನ ಹಲ್ಲು, ಕಲ್ಲಿನಲ್ಲಿ ಇಲ್ಲದಿರುವುದು ಬಲಗಡೆಯದು. ನಿಮ್ಮ ಕೈ ತಪ್ಪುವುದಿಲ್ಲ ಎಂದು ಮೇಸ್ತ್ರಿ ವಾದಕ್ಕೇ ಬಂದರು. ಮನೆಗೆ ಬಂದು ಕನ್ನಡಿಯ ಮುಂದೆ ನಿಂತಾಗ ನನಗೆ ಹೊಳೆಯಿತು. ದಿನಾ ಬೆಳಿಗ್ಗೆ ಅವಳು ಸ್ಟೂಲು ಹತ್ತಿ ಹಲ್ಲು ತೋರಿಸುತ್ತಿದ್ದುದು ಅದರಲ್ಲಿ, ನೀವು ಕೆತ್ತಿದ್ದು ಕನ್ನಡಿಯೊಳಗಿನ ಮುಖ. ನಿಮಗೆ ಹೇಳದ ಒಂದು ವಿಷಯವಿದೆ. ಜ್ವರದ ಎರಡನೆಯ ದಿನ ಆ ಬಲಗಡೆಯ ಹಲ್ಲೂ ಅಲ್ಲಾಡುತ್ತಿತ್ತು. ನಾನು ಕೀಳಲು ಹೋದರೆ ಬಾಯಿ ಮುಚ್ಚಿಕೊಂಡು, "ನೀನು ಬೇಡ, ಅಪ್ಪನೇ ಕೀಳ್ಬೇಕು," ಎಂದಳು. ನೀವು ಬರುವಷ್ಟರಲ್ಲಿ ನಿದ್ದೆ ಹೋಗಿದ್ದಳು, ಆಮೇಲೆ ಅವಳಿಗೆ ಎಚ್ಚರವೇ ಆಗಲಿಲ್ಲ. ನಿಮಗೆಂದು ಇಟ್ಟುಕೊಂಡಿದ್ದ ಹಲ್ಲನ್ನು ಗೊತ್ತಿಲ್ಲದೆ ನೀವೇ ಕಿತ್ತಿದ್ದೀರಿ. ಇನ್ನು ಎಡಗಡೆಯದೊಂದು ತೆಗೆದರೆ ಸರಿಹೋಗುತ್ತದೆ. ಇಪ್ಪತ್ತರವರೆಗೆ ಏಣಿ ಇರುತ್ತದೆ, ದೀಪ ನಾನು ಹಿಡಿಯುತ್ತೇನೆ. ಆದರೆ ನೇರವಾಗಿ ಕೆಲಸಕ್ಕೆ ಹೋಗಬೇಡಿ, ಮೊದಲು ಮನೆಗೆ ಬನ್ನಿ.