ಅಜ್ಜಿಯ ಕಾಲುಮಣೆ

ಭಾನುವಾರ, 12 ಮಾರ್ಚ್ 1995

ತೀರಿಹೋದ ಅಜ್ಜಿಯ ಸ್ಮರಣೆಯ ಪ್ರಾರ್ಥನೆಯಲ್ಲಿ ಪಾದ್ರಿ ಆಡಿದ ಆ ಒಂದು ಮಾತು ಇನ್ನೂ ಮೈ ಉರಿಸುತ್ತಿದೆ: "ಅಫುವಾ ಬಹಳ ವಿಧೇಯ ಹೆಂಗಸು." ದೇವರಿಗೆ ವಿಧೇಯಳು, ಒಪ್ಪುತ್ತೇನೆ. ಆದರೆ ಮುಂದಿನ ಸಾಲಿನ ಬೆಂಚುಗಳು ಗಂಡಸರಿಗೆ ಮಾತ್ರ ಎಂದ ಚರ್ಚಿಗೆ ನನ್ನಜ್ಜಿ ಅರವತ್ತು ವರ್ಷ ತಲೆಯ ಮೇಲೆ ಕಾಲುಮಣೆ ಹೊತ್ತು ತಂದಳು, ಎಲ್ಲರಿಗಿಂತ ಮುಂದೆ ಕೂತು ಪ್ರಾರ್ಥಿಸಿದಳು. ಎದ್ದಾಗ ಮಣೆಯನ್ನು ಮಗ್ಗುಲಿಗೆ ಉರುಳಿಸುತ್ತಿದ್ದಳು. ಖಾಲಿ ಮಣೆಯ ಮೇಲೆ ಕಂಡಕಂಡ ದೆವ್ವ ಕೂರಬಾರದಲ್ಲ!

ಇವತ್ತು ಚರ್ಚಿನಲ್ಲಿ ಅಜ್ಜಿಯ ಬಗ್ಗೆ ಓದಲು ಈ ಮಣೆಯ ಕತೆಯನ್ನೇ ಬರೆದಿದ್ದೆ. ಸೋದರಮಾವ ಅನ್ಸು ಬಾಗಿಲಲ್ಲೇ ಅಡ್ಡಗಟ್ಟಿದ. "ಸೆರ್ವಾ, ಆ ಮಣೆ ಸುದ್ದಿ ಎತ್ತಬೇಡ ಕಣೇ. ನಿನ್ನ ಹೆಂಗಸರ ಚಳವಳೀನ ಆ ಕುಮಾಸಿ ಪಟ್ಟಣದಲ್ಲೇ ಇಟ್ಕೋ."

"ಮಣೆ ಹೊತ್ತಿದ್ದು ನಾನಲ್ಲ ಮಾವ, ನಿಮ್ಮವ್ವ!"

ಓದಿಯೇ ಬಿಟ್ಟೆ. ತೊಂಬತ್ತು ದಾಟಿ ಹೋದವಳಿಗಾಗಿ, ತುಂಬು ಬಾಳಿನ ಸಂಭ್ರಮಕ್ಕೆಂದು ಬಿಳಿ ಉಟ್ಟು ಹಿಂದೆ ಕೂತಿದ್ದ ಮುದುಕಿಯರೆಲ್ಲ ಗೊಳ್ಳೆಂದು ನಕ್ಕರು. ಪಾದ್ರಿ ಕೆಮ್ಮಿದ. ಅಷ್ಟರಲ್ಲಿ ಅಜ್ಜಿಯ ತಂಗಿ ಪೊಕುವಾ ಕೋಲೂರಿಕೊಂಡು ಮುಂದೆ ಬಂದಳು. ಅಜ್ಜಿಯ ಜಾಗದಲ್ಲಿ ಮಗ್ಗುಲಾಗಿ ಇಟ್ಟಿದ್ದ ಮಣೆಯನ್ನು ನೆಟ್ಟಗೆ ನಿಲ್ಲಿಸಿ, ಸೆರಗು ಸರಿಮಾಡಿಕೊಂಡು ಕೂತೇಬಿಟ್ಟಳು.

"ಹೂಂ, ಮುಂದುವರಿಸಿ ಪಾದ್ರಿಗಳೇ. ಇಲ್ಲಿಂದ ಚೆನ್ನಾಗಿ ಕೇಳ್ಸುತ್ತೆ."

ಛೆ, ಆ ಮಣೆ ನನಗೇ ಅಂದುಕೊಂಡಿದ್ದೆ. ನಾಳೆ ಬಡಗಿಯ ಹತ್ತಿರ ಹೋಗಿ ಇನ್ನೊಂದು ಮಾಡಿಸಬೇಕು.