ಹಗ್ಗದ ಬುಟ್ಟಿ

ಅಮ್ಮಾ,

ನಿನ್ನೆ ಪ್ರವಾಸಿಗರನ್ನು ನೇಪಲ್ಸಿನ ನಮ್ಮ ಓಣಿಗೇ ಕರೆತಂದು, ಹಳೆಯ ಇಗರ್ಜಿಯ ಕಪ್ಪುಕಲ್ಲಿನ ಬಾಗಿಲುವಾಡವನ್ನು ವರ್ಣಿಸುತ್ತಿದ್ದೆ. ಎಲ್ಲರೂ ಬೆರಗಾಗಿ ತಲೆಯೆತ್ತಿದ್ದಾಗ ನಾಲ್ಕನೇ ಮಹಡಿಯಿಂದ ನಿನ್ನ ಬುಟ್ಟಿ ಇಳಿಯಿತು.

“ಏ ಕಡ್ಡಿ, ಬದನೆಕಾಯಿ ಕರಿದಿದ್ದೀನಿ, ಬಿಸಿ ಇರುವಾಗ್ಲೇ ತಿನ್ನೇ!”

“ನಿಮ್ಮನ್ನೇ ಕರೀತಿದ್ದಾರಾ?” ಎಂದು ಒಬ್ಬಾಕೆ ಕೇಳಿದಳು.

“ಇಲ್ಲಪ್ಪ, ಪ್ರವಾಸಿಗರನ್ನ ನಗಿಸೋಕೆ ಆಡೋ ನಾಟಕ ಅದು” ಅಂದುಬಿಟ್ಟೆ.

ಅದು ಕೇಳಿಸಿ, ನೀನು ಬದನೆಕಾಯಿ ಸಮೇತ ಬುಟ್ಟಿಯನ್ನು ಮೇಲಕ್ಕೆ ಎಳೆದುಕೊಂಡೆ. ಆಮೇಲೆ ನನ್ನ ಫೋನೂ ಎತ್ತಲಿಲ್ಲ. ಕಲ್ಲಿನ ಬಗ್ಗೆ ಅಷ್ಟು ಮಾತಾಡಿದ ಬಾಯಿಗೆ ‘ನಮ್ಮಮ್ಮ’ ಅನ್ನಲು ಏನಾಗಿತ್ತೋ. ಮುಖ ತೋರಿಸಲು ನಾಚಿಕೆಯಾಗುತ್ತಿದೆ.

ಬ್ರೆಡ್ಡಿಗೆಂದು ನೀನು ಈಗ ಇಳಿಬಿಟ್ಟ ಬುಟ್ಟಿಯಲ್ಲೇ ಈ ಪತ್ರ ಇಟ್ಟಿದ್ದೇನೆ. ಬ್ರೆಡ್ಡೂ ಇದೆ. ಇವತ್ತಿನ ಪ್ರವಾಸಿಗರ ಜೊತೆ ಕೆಳಗೇ ನಿಂತಿದ್ದೇನೆ. ಬಗ್ಗಿ ನೋಡಮ್ಮ. ಓಣಿಗೆಲ್ಲ ಕೇಳುವ ಹಾಗೆ ಕೂಗು.

ನಿನ್ನ ಕಡ್ಡಿ,
ಅಸುಂತಾ